ನೀರನ್ನು ನೀರಾಗಿ ಉಳಿಸುವುದು

ನವೆಂಬರ್ ಹೊಕ್ಕಿತೆಂದರೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳ ಗದ್ದಲ ಶುರುವಾಗುತ್ತದೆ. ಲಡಾಖ್, ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡುವ ಹಕ್ಕಿಗಳಿವು. ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬೆಳಕು ಹರಿಯುತ್ತಲೇ ಕೆರೆಗೆ ಮರಳಿ, ಹಗಲೆಲ್ಲ ನೀರಿನ ಮೇಲೆ ತೇಲುತ್ತ ಕಳೆಯುತ್ತವೆ. ಮಾರ್ಚ್ ಹೊತ್ತಿಗೆ ಎಲ್ಲ ಹೊರಟು ಹೋಗಿರುತ್ತವೆ. 2024ರ ಜನವರಿಯಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮ ಬಯಲುಸೀಮೆಯ ಒಂದು ಕೆರೆಯ ಹೆಸರು ಜಗತ್ತಿನ ಪಟ್ಟಿಯಲ್ಲಿ ಬಂತಲ್ಲ ಎಂದು ನನಗೆ ಬಹಳ ಸಂತೋಷವಾಯಿತು.

"ಪಾಪ, ಅಲ್ಲಿ ಥಂಡಿ ತಡಕೊಳ್ಳಾಕ ಆಗಂಗಿಲ್ಲ, ಅದಕ್ಕ ಇಲ್ಲಿಗೆ ಬರ್ತಾವು" ಎಂದು ದಂಡೆಯ ಮೇಲೆ ನಿಂತವರು ಮಾತಾಡಿಕೊಳ್ಳುತ್ತಾರೆ. ಬರಿಯ ಥಂಡಿಯಾಗಿದ್ದರೆ ಆ ಹಕ್ಕಿ ಜಗ್ಗುತ್ತಿರಲಿಲ್ಲ. ಅದರ ಮೈಮೇಲೆ ಬೇಕಾದಷ್ಟು ಗರಿಯಿದೆ, ಗರಿಯ ಕೆಳಗೆ ಮೆತ್ತನೆಯ ತುಪ್ಪುಳವಿದೆ. ಚಳಿಗಾಲದಲ್ಲಿ ಅಲ್ಲಿಯ ಸರೋವರ ಗಡ್ಡೆಕಟ್ಟಿ ಬಾಗಿಲು ಹಾಕಿಕೊಳ್ಳುತ್ತದೆ. ಹುಲ್ಲು ಹಿಮದಡಿ ಹೂತು ಹೋಗುತ್ತದೆ. ಕಣ್ಣು ಹಾಯಿಸಿದಷ್ಟು ದೂರ ನೀರೇ ಇದೆ, ಆದರೆ ಕೊಕ್ಕು ಅದ್ದಲು ಬರುವುದಿಲ್ಲ. ನೀರು ನೀರಾಗಿಯೇ ಇರುವ ಜಾಗ ಹುಡುಕಿಕೊಂಡು ಅವು ಸಾವಿರಾರು ಕಿಲೋಮೀಟರ್ ಹಾರಿ ನಮ್ಮ ಕಡೆ ಬರುತ್ತವೆ.

ಹೆಬ್ಬಾತು ಅಲ್ಲಿಂದ ಇಲ್ಲಿಗೆ ಬಂದರೆ ನಮ್ಮ ಹುಡುಗರು ಇಲ್ಲಿಂದ ಅಲ್ಲಿಗೆ ಹೋಗುತ್ತಾರೆ. ಗದಗ, ಮುಂಡರಗಿ, ಲಕ್ಷ್ಮೇಶ್ವರದ ಸುತ್ತಲ ಹಳ್ಳಿಗಳಿಂದ ಸೈನ್ಯಕ್ಕೆ ಸೇರಿದವರು, ಎನ್‌ಸಿಸಿಯ ಶಿಬಿರಕ್ಕೆ ಹೋದವರು, ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಮೂಲಕ ಪರ್ವತಾರೋಹಣ ಕಲಿಯಲು ಹೋದವರು, ಈಚೆಗಂತೂ ರಜೆ ಹಾಕಿ ಚಳಿಗಾಲದ ಚಾರಣಕ್ಕೆಂದೇ ಹೋಗುವವರು. ಡಿಸೆಂಬರಿನ ನಸುಕಿನಲ್ಲಿ 14–15 ಡಿಗ್ರಿಗೆ ಇಳಿದರೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಅಂಗಳದಲ್ಲಿ ಬೆಂಕಿ ಹಾಕುವ ಊರಿನವರು ನಾವು. ನೀರು ಕಲ್ಲಾಗುವುದನ್ನು ಕಂಡದ್ದೇ ಆದರೆ ಫ್ರಿಜ್ಜಿನ ಟ್ರೇಯಲ್ಲಿ, ಇಲ್ಲವೇ ಜಾತ್ರೆಯಲ್ಲಿ ಐಸ್‌ಗೋಲಾ ಮಾರುವವನ ಗಾಡಿಯಲ್ಲಿ. ಅಂಥ ಊರಿನಿಂದ ಹೋದವರಿಗೆ ಅಲ್ಲಿ ಮೊದಲು ಎದುರಾಗುವ ಕಷ್ಟ ಕುಡಿಯುವ ನೀರಿನದೇ.

ಇದನ್ನು ನನಗೆ ಬಿಡಿಸಿ ಹೇಳಿದವರು ಶಿರಹಟ್ಟಿ ಹತ್ತಿರದ ಹಳ್ಳಿಯ ಒಬ್ಬ ನಿವೃತ್ತ ಹವಾಲ್ದಾರರು. ಊರಿಗೆಲ್ಲ ಅವರು ಕಾಕಾ, ನನಗೂ ಕಾಕಾನೇ. ಸಿಯಾಚಿನ್‌ನಲ್ಲಿ ಇದ್ದು ಬಂದವರು. ಆ ಹೆಸರನ್ನು ಅವರು ಎತ್ತುವುದಿಲ್ಲ, "ಗ್ಲೇಸಿಯರ್" ಎನ್ನುತ್ತಾರೆ. ಒಂದು ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಕೂತು, ಅಷ್ಟು ಹಿಮದ ನಡುವೆ ನೀರಿಗೇನು ಬರ ಎಂದು ಕೇಳಿದೆ. ಕಾಕಾ ಎದುರಿಗಿದ್ದ ತಂಬಿಗೆಯನ್ನು ನನ್ನತ್ತ ಸರಿಸಿ ಹೇಳಿದರು:

"ಅಲ್ಲಿ ನೀರು ಸಿಗಂಗಿಲ್ಲ ತಮ್ಮಾ. ನೀರು ಮಾಡಬೇಕು."

ಈ ಮಾತು ನನ್ನಲ್ಲಿ ಬಹಳ ದಿನ ಉಳಿಯಿತು. ನೀರು ತರುವುದು ಗೊತ್ತು, ಸೇದುವುದು ಗೊತ್ತು, ತುಂಬುವುದು, ಸೋಸುವುದು, ಕಾಯಿಸುವುದು ಗೊತ್ತು. ರೊಟ್ಟಿ ಮಾಡಿದ ಹಾಗೆ ನೀರನ್ನು ಮಾಡುವುದೆಂದರೆ ಏನು? ಕಾಕಾ ಕೈಸನ್ನೆಯಲ್ಲಿ ತೋರಿಸುತ್ತ ಹೇಳತೊಡಗಿದರು. ಸಲಿಕೆಯಿಂದ ಹಿಮ ಕಡಿದು ತರಬೇಕು, ಅದೂ ಎಲ್ಲೆಂದರಲ್ಲಿ ಅಲ್ಲ. ಕುಡಿಯುವ ನೀರಿನ ಹಿಮ ತೆಗೆಯುವ ಜಾಗ ಬೇರೆ. ಆ ಕಡೆ ಯಾರೂ ಬೂಟಿನಲ್ಲಿ ತುಳಿದಾಡುವಂತಿಲ್ಲ, ಬಹಿರ್ದೆಸೆಗೆ ಹೋಗುವುದಂತೂ ದೂರದ ಮಾತು. ತಂದ ಹಿಮವನ್ನು ಡಬ್ಬಿಗೆ ಹಾಕಿ ಸೀಮೆಎಣ್ಣೆ ಸ್ಟೋವಿನ ಮೇಲೆ ಇಡಬೇಕು. "ಹಾಕು, ಇಳೀತೈತಿ. ಮತ್ತ ಹಾಕು, ಮತ್ತ ಇಳೀತೈತಿ. ಡಬ್ಬಿ ತುಂಬ ಹಿಮ ಹಾಕಿದ್ರ ತಳದಾಗ ನಾಕ್ ಬಟ್ಟು ನೀರು." ಹೊಸದಾಗಿ ಬಿದ್ದ ಹಿಮದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುತ್ತದೆ, ಒಂದು ಕೊಡ ನೀರಿಗೆ ಹತ್ತು ಕೊಡ ಹಿಮ ಬೇಕು.

ಅವರು ಹೇಳಿದ್ದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಮಾತು. ಬರಿ ಡಬ್ಬಿಗೆ ಹಿಮ ತುಂಬಿ ಉರಿ ಹಚ್ಚಬಾರದು. ತಳದ ಹಿಮ ಕರಗಿದ್ದೇ ಮೇಲಿನ ಹಿಮ ಅದನ್ನು ಹೀರಿಕೊಳ್ಳುತ್ತದೆ, ತಳ ಬರಿದಾಗಿ ಸುಡುತ್ತದೆ, ಆಮೇಲೆ ಬಂದ ನೀರೆಲ್ಲ ಸೀದ ವಾಸನೆ. ಅದಕ್ಕೆ ಮೊದಲು ತಳದಲ್ಲಿ ಒಂದು ಲೋಟ ನೀರು ಇರಬೇಕು, ಅದರೊಳಗೆ ಸ್ವಲ್ಪ ಸ್ವಲ್ಪವೇ ಹಿಮ ಹಾಕುತ್ತ ಹೋಗಬೇಕು. ಅಂದರೆ ನೀರು ಮಾಡಲು ನೀರೇ ಬೇಕು. ನಾಳೆಯ ಮೊಸರಿಗೆ ಇಂದಿನ ಮೊಸರಿನಲ್ಲೇ ಒಂದು ಚಮಚ ಎತ್ತಿಟ್ಟಂತೆ, ರಾತ್ರಿಯ ನೀರಿನಲ್ಲಿ ಒಂದು ಲೋಟವನ್ನು ಯಾರೂ ಕುಡಿಯದೆ, ಕಲ್ಲಾಗಲೂ ಬಿಡದೆ, ಬೆಳಗಿನವರೆಗೆ ಕಾಪಾಡಬೇಕು. ಕಾಕಾ ಅದನ್ನು ಬಾಟಲಿಗೆ ತುಂಬಿ ಮಲಗುವ ಚೀಲದೊಳಗೆ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದರಂತೆ.

ಲೆಕ್ಕ ನೋಡಿದರೆ ಈ ಕೆಲಸದ ಭಾರ ಇನ್ನೂ ತಿಳಿಯುತ್ತದೆ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಹಿಮಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರಾಗಿಸಲು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖದಲ್ಲಿ ಆ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಬಹುದು. ಥರ್ಮಾಮೀಟರಿನ ಗೆರೆ ಒಂದು ಕೂದಲಷ್ಟೂ ಮೇಲೇರದೆ ಅಷ್ಟು ಉರಿ ಖರ್ಚಾಗಿ ಹೋಗುತ್ತದೆ. ಆ ಎತ್ತರದಲ್ಲಿ ನೀರು ಕುದಿಯುವುದೂ 100 ಡಿಗ್ರಿಗಲ್ಲ, 80ರ ಆಸುಪಾಸಿನಲ್ಲಿ. ಹೀಗಾಗಿ ಒಂದು ಲೋಟ ಚಹಾಕ್ಕೆ ಸುಟ್ಟ ಸೀಮೆಎಣ್ಣೆಯಲ್ಲಿ ಅರ್ಧದಷ್ಟು ಬರಿ ಹಿಮ ಕರಗಿಸುವುದಕ್ಕೇ ಮುಗಿದಿರುತ್ತದೆ. ಆ ಸೀಮೆಎಣ್ಣೆಯಾದರೂ ಅಲ್ಲಿಗೆ ಸುಮ್ಮನೆ ಬಂದದ್ದಲ್ಲ. ಚೀತಾ ಹೆಲಿಕಾಪ್ಟರಿನಲ್ಲಿ, ಕೂಲಿಗಳ ಬೆನ್ನಿನ ಮೇಲೆ ಬಂದದ್ದು. ಸಿಯಾಚಿನ್‌ನಲ್ಲಿ ನಮ್ಮ ಸೈನ್ಯ ನೆಲೆಯೂರಿದ ಆಪರೇಷನ್ ಮೇಘದೂತ ಶುರುವಾದದ್ದು 1984ರ ಏಪ್ರಿಲ್ 13ಕ್ಕೆ. ಅಂದಿನಿಂದ ಇಂದಿನವರೆಗೆ ಒಂದು ದಿನವೂ ಬಿಡುವಿಲ್ಲದೆ ಅಲ್ಲಿ ಯಾರೋ ಒಬ್ಬರು ಹಿಮ ಕರಗಿಸುತ್ತಲೇ ಇದ್ದಾರೆ.

ಹಿಮವನ್ನೇ ಬಾಯಿಗೆ ಹಾಕಿಕೊಂಡರೆ ಆಗದೆ? ಮಕ್ಕಳು ಕೇಳುವ ಪ್ರಶ್ನೆ ಇದು, ಕೇಳಬೇಕಾದದ್ದೂ ಹೌದು. ಆ 80 ಕ್ಯಾಲೊರಿಯನ್ನು ಸ್ಟೋವು ಕೊಡದಿದ್ದರೆ ಮೈ ಕೊಡಬೇಕಾಗುತ್ತದೆ. ಒಳಗಿನ ಕಾವನ್ನು ಸುರಿದು ಹಿಮ ಕರಗಿಸಿಕೊಂಡ ಮನುಷ್ಯ ಇನ್ನಷ್ಟು ತಣ್ಣಗಾಗುತ್ತಾನೆ, ಬಾಯಾರಿಕೆಯಂತೂ ಹಾಗೇ ಉಳಿಯುತ್ತದೆ.

ಇದನ್ನು ಬರೆಯುವಾಗ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಲಕ್ಷ್ಮೇಶ್ವರಕ್ಕೆ ಆನಿಕೊಂಡಂತಿರುವ ಕುಂದಗೋಳ ತಾಲೂಕಿನ ಹಳ್ಳಿ ಬೆಟದೂರು. ಮದ್ರಾಸ್ ರೆಜಿಮೆಂಟಿನ ಲ್ಯಾನ್ಸ್ ನಾಯಕ್ ಆಗಿದ್ದ ಅವರು 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮ ಕುಸಿದಾಗ ಒಂಬತ್ತು ಮಂದಿ ಸಂಗಾತಿಗಳೊಂದಿಗೆ ಹೂತುಹೋದರು. ಅವರಲ್ಲಿ ಹಾಸನದ ಕಡೆಯವರೊಬ್ಬರು, ಮೈಸೂರು ಜಿಲ್ಲೆಯವರೊಬ್ಬರು ಇದ್ದರು. ಸುಮಾರು 19,600 ಅಡಿ ಎತ್ತರದ ಜಾಗ. ಆರನೆಯ ದಿನ ಹಿಮ ಕೊರೆದು ತೆಗೆದಾಗ ಹನುಮಂತಪ್ಪನವರಲ್ಲಿ ಇನ್ನೂ ಜೀವವಿತ್ತು. ಗದಗ, ಧಾರವಾಡದ ಮನೆಮನೆಯಲ್ಲಿ ದೀಪ ಹಚ್ಚಿ, ಗುಡಿಗಳಲ್ಲಿ, ಮಸೀದಿಗಳಲ್ಲಿ ಹರಕೆ ಹೊತ್ತ ದಿನಗಳವು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರನ್ನು ಕರೆತಂದಾಗ ವೈದ್ಯರು ಪ್ರಕಟಿಸಿದ ಸ್ಥಿತಿಯಲ್ಲಿ ಮೈ ತಣ್ಣಗಾಗಿದ್ದುದರ ಜೊತೆಗೇ ಇನ್ನೊಂದು ಮಾತಿತ್ತು: ದೇಹದಲ್ಲಿ ನೀರು ತೀರ ಬತ್ತಿಹೋಗಿದೆ. ಮೈಮೇಲೆ ಟನ್ನುಗಟ್ಟಲೆ ಹಿಮ ಹೊತ್ತ ಮನುಷ್ಯನ ಮೈಯಲ್ಲಿ ನೀರಿಲ್ಲ. ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಇಷ್ಟು ವರ್ಷಗಳ ಮೇಲೂ ಬೆಟದೂರಿನ ಹೆಸರು ಕೇಳಿದರೆ ಮೊದಲು ಬರುವುದು ಆ ಒಂದು ವಾಕ್ಯವೇ.

ಉತ್ತರಕಾಶಿ ಜಿಲ್ಲೆಯ ಸಾಂಕ್ರಿಯಿಂದ ಹತ್ತುವ ಕೇದಾರಕಂಠ ಚಾರಣಕ್ಕೆ ಒಂದು ಚಳಿಗಾಲ ನಾನೂ ಹೋಗಿದ್ದೆ, ಅಕ್ಕನ ಮಗ ಮತ್ತು ಅವನ ಗೆಳೆಯರ ಜೊತೆ. ತುದಿ ಸುಮಾರು 12,500 ಅಡಿ. ಸಿಯಾಚಿನ್‌ಗೆ ಹೋಲಿಸಿದರೆ ಅದು ಲೆಕ್ಕಕ್ಕಿಲ್ಲ, ಆದರೆ ನೀರು ಹೇಗೆ ಕೈಬಿಟ್ಟು ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ಅಷ್ಟು ಸಾಕು. ದಾರಿಯಲ್ಲಿ ಜೂಡಾ ಕಾ ತಾಲಾಬ್ ಎಂಬ ಚಿಕ್ಕ ಕೊಳ ಸಿಗುತ್ತದೆ. ಚಳಿಗಾಲದಲ್ಲಿ ಅದರ ಮೇಲೆ ಗಡ್ಡೆಕಟ್ಟಿದ ಹಾಸು. ಅಡುಗೆಯ ಹುಡುಗ ಬೆಳಿಗ್ಗೆ ಕೊಡಲಿಯಿಂದ ಆ ಹಾಸಿನಲ್ಲಿ ಒಂದು ಗುಂಡಿ ಒಡೆದು, ಒಳಗೆ ಜಗ್ಗು ಬಿಟ್ಟು ನೀರೆತ್ತಿದ. ಮೇಲೆ ಕಲ್ಲು, ಕೆಳಗೆ ನೀರು! ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರಾಗಿ ಮೇಲೇರುತ್ತದೆ, ಮೇಲಿನಿಂದ ಗಟ್ಟಿಯಾಗುತ್ತ ಬರುತ್ತದೆ. ಕೊಳದ ಮೀನು ಚಳಿಗಾಲ ಕಳೆಯುವುದು ನೀರಿನ ಈ ಒಂದು ಗುಣದಿಂದಲೇ.

ಕೊಳದಲ್ಲಿ ನಡೆಯುವುದೇ ಬಾಟಲಿಯಲ್ಲೂ ನಡೆಯುತ್ತದೆ. ಗಡ್ಡೆ ಮೊದಲು ಕಟ್ಟುವುದು ಮೇಲೆ, ಅಂದರೆ ಸರಿಯಾಗಿ ಬಾಯಿಯ ಹತ್ತಿರ. ಒಳಗೆ ಮುಕ್ಕಾಲು ಪಾಲು ನೀರು ಕುಲುಕಾಡುತ್ತಿದ್ದರೂ ಮುಚ್ಚಳದ ಸುರುಳಿಯಲ್ಲಿ, ಕೊರಳಿನಲ್ಲಿ ಒಂದು ಬಳೆಯಷ್ಟು ಗಡ್ಡೆ ಕೂತರೆ ಹನಿಯೂ ಹೊರಬರದು. ಅದಕ್ಕೆ ಬೆಟ್ಟದವರ ಉಪಾಯ ಬಹಳ ಸರಳ: ಬಾಟಲಿಯನ್ನು ತಲೆಕೆಳಗಾಗಿ ಇಡುವುದು. ಆಗ ಗಡ್ಡೆ ಕಟ್ಟಿದರೂ ತಳದಲ್ಲಿ ಕಟ್ಟುತ್ತದೆ, ಬಾಯಿ ತೆರೆದೇ ಇರುತ್ತದೆ. ಮುಚ್ಚಳ ಮಾತ್ರ ಸೋರಬಾರದು, ಬಾಯಿ ಅಗಲ ಇರಬೇಕು. ಹೊರಡುವಾಗ ಬಿಸಿ ನೀರನ್ನೇ ತುಂಬಬೇಕು, ಕಂಠಮಟ್ಟ ತುಂಬಬಾರದು. ಗಟ್ಟಿಯಾದ ನೀರು ಹತ್ತರಲ್ಲಿ ಸುಮಾರು ಒಂದು ಪಾಲು ಉಬ್ಬಿ ಬಾಟಲಿಯನ್ನೇ ಸೀಳುತ್ತದೆ. ಮೇಲೆ ಒಂದು ಉಣ್ಣೆಯ ಕಾಲುಚೀಲ ತೊಡಿಸಿ, ಚೀಲದ ಹೊರಜೇಬಿನ ಬದಲು ಅಂಗಿಗಳ ನಡುವೆ, ಇಲ್ಲವೇ ಜಾಕೀಟಿನ ಒಳಗೆ ಇಟ್ಟುಕೊಳ್ಳಬೇಕು. ಬೆನ್ನ ಮೇಲಿನ ನೀರಿನ ಚೀಲದಿಂದ ನಳಿಗೆಯಲ್ಲಿ ಹೀರುವವರಾದರೆ ಪ್ರತಿ ಗುಟುಕಿನ ನಂತರ ನಳಿಗೆಯ ನೀರನ್ನು ಊದಿ ಹಿಂದಕ್ಕೆ ತಳ್ಳಬೇಕು, ಏಕೆಂದರೆ ಮೊದಲು ಕಲ್ಲಾಗುವುದು ಆ ಸಣ್ಣ ನಳಿಗೆಯೇ. ಡೇರೆಯಲ್ಲಿ ರಾತ್ರಿ ಉಳಿದ ನೀರನ್ನು ಪಾತ್ರೆಯಲ್ಲಿ ಮುಚ್ಚಿ ಹಿಮದಲ್ಲೇ ಮೊಳದಾಳ ಹೂತಿಡುವವರಿದ್ದಾರೆ. ಕೇಳಲು ವಿಚಿತ್ರ, ಆದರೆ ಹಿಮದೊಳಗಿನ ಗಾಳಿಯೇ ಕಂಬಳಿಯ ಕೆಲಸ ಮಾಡುತ್ತದೆ. ಉಪ್ಪು ಬೆರೆಸಿದರೆ ನೀರು ಗಟ್ಟಿಯಾಗದು ಎಂದು ನಮ್ಮ ಹುಡುಗನೊಬ್ಬ ವಾದ ಹೂಡಿದ್ದ. ಸಮುದ್ರದ ನೀರಿನಷ್ಟು ಉಪ್ಪು ಸುರಿದರೂ ಸಿಗುವ ಲಾಭ ಎರಡು ಡಿಗ್ರಿಯೂ ಇಲ್ಲ, ಅದನ್ನು ಕುಡಿಯುವಂತೆಯೂ ಇಲ್ಲ.

ಉಣ್ಣೆಯ ಕಾಲುಚೀಲದ ಬಗ್ಗೆ ಒಂದು ಮಾತು. ಏಪ್ರಿಲ್ ಬಿಸಿಲಿನಲ್ಲಿ ಹೊಲಕ್ಕೆ ಹೋಗುವಾಗ ನಮ್ಮ ಹಿರಿಯರು ಮಣ್ಣಿನ ತತ್ರಾಣಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಒದ್ದೆ ಬಟ್ಟೆಯ ನೀರು ಆವಿಯಾಗುತ್ತ ಒಳಗಿನ ಕಾವನ್ನು ಹೊತ್ತೊಯ್ಯುತ್ತದೆ, ನೀರು ತಂಪಾಗುತ್ತದೆ. ಹಿಮದ ನಾಡಿನಲ್ಲಿ ಅದೇ ಬಟ್ಟೆ ಒಣಗಿದ್ದರೆ ಮಾತ್ರ ಕಾವನ್ನು ಹಿಡಿದಿಡುತ್ತದೆ. ಒಂದು ಮೂಲೆ ಒದ್ದೆಯಾದರೂ ಕೆಲಸ ಕೆಟ್ಟಿತು. ಕೇದಾರಕಂಠದಲ್ಲಿ ನಮ್ಮ ಜೊತೆ ಬಂದಿದ್ದ ಬೆಟಗೇರಿಯ ಹುಡುಗನ ತಾಯಿ ಹಳೆಯ ಕೌದಿಯ ತುಂಡಿನಲ್ಲಿ ಬಾಟಲಿಗೊಂದು ಅಂಗಿ ಹೊಲಿದು ಕಳಿಸಿದ್ದರು. ಪದರ ಪದರ ಹಳೆಯ ಸೀರೆ, ಸೂಜಿದಾರದ ಸಾಲು ಸಾಲು ಹೊಲಿಗೆ, ತುದಿಗೆ ಕಟ್ಟಲು ಒಂದು ಲಾಡಿ. ಪದರಗಳ ನಡುವೆ ನಿಂತ ಗಾಳಿಯೇ ಅದರ ಶಕ್ತಿ. ಅಂಗಡಿಯಿಂದ ತಂದ ಕವಚಗಳೊಳಗಿನ ನೀರು ಬೆಳಿಗ್ಗೆ ಗರಗರ ಎನ್ನುತ್ತಿದ್ದರೆ ಆ ಕೌದಿಯೊಳಗಿನ ನೀರು ಸರಾಗ ಸುರಿಯುತ್ತಿತ್ತು. ಹಿಮವನ್ನೇ ಕಾಣದ ಆ ತಾಯಿಗೆ ಇದು ಹೇಗೆ ಹೊಳೆಯಿತೋ! ಮಗ ಹಲ್ಲು ಕಡಿಯುವ ಥಂಡಿಗೆ ಹೋಗುತ್ತಾನೆ, ಅವನ ನೀರಿಗೂ ಹೊದಿಕೆ ಬೇಕು ಎಂದಷ್ಟೇ ಅವರು ಯೋಚಿಸಿರಬೇಕು.

ಇಷ್ಟೆಲ್ಲ ಮಾಡಿದರೂ ಚಳಿ ಇನ್ನೊಂದು ಕಡೆಯಿಂದ ಮೋಸ ಮಾಡುತ್ತದೆ. ಅಲ್ಲಿ ಬಾಯಾರುವುದೇ ಇಲ್ಲ. ಒಣ ಗಾಳಿಯಲ್ಲಿ ಪ್ರತಿ ಉಸಿರಿನೊಂದಿಗೆ ಮೈಯ ನೀರು ಹೊರಹೋಗುತ್ತದೆ, ಏರುದಾರಿಯಲ್ಲಿ ಉಸಿರು ದುಪ್ಪಟ್ಟಾಗುತ್ತದೆ, ಬೆವರು ಮೂಡಿದ್ದೇ ಆರಿಹೋಗುವುದರಿಂದ ಲೆಕ್ಕಕ್ಕೇ ಬರುವುದಿಲ್ಲ. ಮೈಗೆ ನೀರು ಬೇಕು, ಮನಸ್ಸಿಗೆ ಬೇಡ. ಥಂಡಿಯಲ್ಲಿ ರಕ್ತ ಮೈಯ ಅಂಚುಗಳಿಂದ ಒಳಕ್ಕೆ ಸರಿಯುವುದರಿಂದ ಬೇಕಾದಷ್ಟು ನೀರಿದೆ ಎಂದು ಮೈಯೇ ತಪ್ಪು ತಿಳಿಯುತ್ತದೆ, ಬಾಯಾರಿಕೆ ಮಂಕಾಗುತ್ತದೆ. ಅದಕ್ಕೇ ಅಲ್ಲಿ ಕುಡಿಯುವುದು ಒಂದು ಕರ್ತವ್ಯ. "ನಮ್ಮ ಜೋಡಿದಾರ ಎಷ್ಟ್ ಕುಡದಾನ ಅಂತ ನಾನು ನೋಡಬೇಕು, ನಾನು ಎಷ್ಟ್ ಕುಡದೇನಿ ಅಂತ ಅಂವ ನೋಡಬೇಕು," ಎಂದರು ಕಾಕಾ. ತನ್ನ ಬಾಯಾರಿಕೆಯನ್ನು ತಾನೇ ನಂಬುವಂತಿಲ್ಲದ ಕಡೆ ಇನ್ನೊಬ್ಬರ ಕಣ್ಣು ಬೇಕು. ಊರಿಗೆ ಬಂದ ಮೇಲೂ ಅವರಿಗೆ ಅದು ಬಿಟ್ಟಿಲ್ಲ. ಮನೆಗೆ ಬಂದವರಿಗೆ ಯಾಕೆ ಬಂದಿರಿ ಎಂದು ಕೇಳುವ ಮೊದಲು ತಂಬಿಗೆ ಮುಂದಿಡುತ್ತಾರೆ. ಅದು ನಮ್ಮ ಕಡೆಯ ಎಲ್ಲರ ಮನೆಯ ಪದ್ಧತಿಯೇ, ಆದರೆ ಕಾಕಾ ತಂಬಿಗೆ ಬರಿದಾಯಿತೇ ಎಂದು ಬಗ್ಗಿ ನೋಡುತ್ತಾರೆ.

ನೀರನ್ನು ಉಳಿಸುವ ಕೆಲಸವೆಲ್ಲ ಬಾಯಾರುವ ಮೊದಲೇ ಆಗಬೇಕು ಎಂಬುದು ನನಗೆ ಆ ಚಾರಣದಲ್ಲಿ ತಿಳಿಯಿತು. ಬಾಯಾರಿದ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ. ಬಾಟಲಿ ಕಲ್ಲಾಗಿರುತ್ತದೆ, ಸ್ಟೋವಿಗೆ ಎಣ್ಣೆ ಇರುವುದಿಲ್ಲ, ಕೈಬೆರಳು ಮುಚ್ಚಳ ತಿರುಗಿಸುವಷ್ಟೂ ಮಾತು ಕೇಳುವುದಿಲ್ಲ. ಲಡಾಖಿನ ರೈತರಿಗೆ ಇದು ಚೆನ್ನಾಗಿ ಗೊತ್ತು. ಚೆವಾಂಗ್ ನೋರ್ಫೆಲ್ ಅವರು ಕಟ್ಟಿದ ಕೃತಕ ಹಿಮನದಿಗಳೂ, ಸೋನಮ್ ವಾಂಗ್ಚುಕ್ 2013ರಲ್ಲಿ ಮೊದಲು ಮಾಡಿ ತೋರಿಸಿದ ಹಿಮಸ್ತೂಪವೂ ಇದೇ ತಿಳಿವಳಿಕೆಯವು. ಚಳಿಗಾಲದಲ್ಲಿ ಯಾರಿಗೂ ಬೇಡದೆ ಹರಿದುಹೋಗುವ ನೀರನ್ನು ಬೇಕೆಂದೇ ಗಡ್ಡೆ ಕಟ್ಟಿಸಿ ನಿಲ್ಲಿಸಿ, ಬಿತ್ತನೆಯ ಹೊತ್ತಿಗೆ ಕರಗಿಸಿಕೊಳ್ಳುತ್ತಾರೆ. ಗಡ್ಡೆ ಕಟ್ಟುವುದು ಒಂದು ಕಡೆ ಶತ್ರು, ಇನ್ನೊಂದು ಕಡೆ ಕಣಜ.

ನಮ್ಮ ಹಿರಿಯರು ಕೆರೆ ಕಟ್ಟಿದ್ದೂ ಹಾಗೆಯೇ. ವರ್ಷಕ್ಕೆ ಆರು ನೂರು ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ಸೀಮೆ ನಮ್ಮದು, ಅದೂ ಒಮ್ಮೊಮ್ಮೆ ಕೈಕೊಡುವ ಮಳೆ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಮುಸುಕಿನ ಬಾವಿಯ ಮೆಟ್ಟಿಲಿಳಿದು ನೋಡಿದರೆ ಗುಡಿಗಿಟ್ಟಷ್ಟೇ ಶ್ರದ್ಧೆಯನ್ನು ಬಾವಿಗೂ ಇಟ್ಟದ್ದು ಕಾಣುತ್ತದೆ. ಡಂಬಳದ ಕೆರೆ ಇದೆ. ಎಷ್ಟೋ ಊರುಗಳಲ್ಲಿ ಕುಡಿಯುವ ನೀರಿಗೆಂದೇ ಒಂದು ಸಿಹಿನೀರಿನ ಕೆರೆ ಇತ್ತು, ಕೆಲವು ಕಡೆ ಈಗಲೂ ಇದೆ. ಅಲ್ಲಿ ಚಪ್ಪಲಿ ಬಿಟ್ಟು ಇಳಿಯಬೇಕು, ದನ ಇಳಿಸಬಾರದು, ಬಟ್ಟೆ ಒಗೆಯಬಾರದು. ಕುಡಿಯುವ ನೀರಿನ ಹಿಮ ತೆಗೆಯುವ ಜಾಗಕ್ಕೆ ಬೂಟು ಹಾಕಿ ಹೋಗಬಾರದು ಎಂದು ಕಾಕಾ ಹೇಳಿದಾಗ ನನಗೆ ನೆನಪಾದದ್ದು ಈ ಕೆರೆಗಳು. ಇಪ್ಪತ್ತು ಸಾವಿರ ಅಡಿಯ ಮೇಲೆ ನಮ್ಮ ಹುಡುಗರು ಆ ಕಟ್ಟಳೆಯನ್ನು ಹೊಸದಾಗಿ ಕಲಿಯಬೇಕಾಗಿರಲಿಲ್ಲ.

ಹಿಮದ ನಡುವೆ ನೀರಿಲ್ಲದ ಕಷ್ಟವನ್ನು ದೂರದ್ದೆಂದು ತಿಳಿಯುವವರು ಒಮ್ಮೆ ಮುಂಡರಗಿ ತಾಲೂಕಿನ ಹಳ್ಳಿಗಳಲ್ಲಿ ಓಡಾಡಿ ಬರಬೇಕು. ನೆಲದಡಿ ನೀರಿದೆ. ಬೋರ್ ಕೊರೆಸಿದರೆ ಬರುತ್ತದೆ, ತಿಳಿಯಾಗಿದೆ, ತಂಪಾಗಿದೆ. ಆದರೆ ಅದು ಬಹಳ ಕಾಲ ಕಲ್ಲಿನ ಸಂದಿಯಲ್ಲಿ ಕೂತು ಕಲ್ಲಿನ ಫ್ಲೋರೈಡನ್ನು ತನ್ನೊಳಗೆ ಎಳೆದುಕೊಂಡ ನೀರು. ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ ಒಂದೂವರೆವರೆಗೆ ಸರಿ ಎನ್ನುತ್ತದೆ ಭಾರತೀಯ ಮಾನಕ. ಹಲವು ಊರುಗಳ ಬೋರ್ ನೀರು ಈ ಗೆರೆಯನ್ನು ದಾಟಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ವಯಸ್ಸಾಗುವ ಮೊದಲೇ ಮಂಡಿ, ಸೊಂಟ ಬಿಗಿದುಕೊಂಡವರು. ಇಲ್ಲಿ ಬೆಂಕಿಯೂ ನೆರವಿಗೆ ಬರುವುದಿಲ್ಲ. ಕುದಿಸಿದಷ್ಟೂ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ದಟ್ಟವಾಗುತ್ತದೆ. ಅದಕ್ಕೆ ಬೀದಿಯ ತುದಿಯಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬುವ ಫಿಲ್ಟರ್ ನೀರು, ಇಲ್ಲವೇ ತುಂಗಭದ್ರೆಯಿಂದ ಎತ್ತಿ ತರುವ ಹೊಳೆನೀರು. ಸಿಯಾಚಿನ್‌ನಲ್ಲಿ ಸೀಮೆಎಣ್ಣೆ ಇಲ್ಲದಿದ್ದರೆ ನೀರಿಲ್ಲ, ಮುಂಡರಗಿಯಲ್ಲಿ ಕರೆಂಟ್ ಇಲ್ಲದಿದ್ದರೆ ನೀರಿಲ್ಲ. ಎರಡೂ ಕಡೆ ಕಾಲಡಿ ನೀರು ತುಂಬಿದೆ. ಎರಡೂ ಕಡೆ ಅದನ್ನು ಕುಡಿಯುವ ನೀರಾಗಿ ಮಾಡಬೇಕು.

ಮಾಡುವವರು ಯಾರು? ಕಾಕಾ ಹೇಳಿದ್ದನ್ನೆಲ್ಲ ಮನಸ್ಸಿನಲ್ಲಿ ಹರಡಿಕೊಂಡು ನೋಡಿದಾಗ ನನ್ನನ್ನು ಬಿಡದೆ ಕಾಡಿದ್ದು ಈ ಪ್ರಶ್ನೆ. ಅವರ ಠಾಣೆಯಲ್ಲಿ ನೀರು ಮಾಡುವುದಕ್ಕೆ ಪಾಳಿ ಇತ್ತಂತೆ. ರಾತ್ರಿ ಒಬ್ಬರು ಎಚ್ಚರ ಇದ್ದು ಸ್ಟೋವು ನೋಡಿಕೊಳ್ಳಬೇಕು, ಬೆಳಿಗ್ಗೆ ಎಲ್ಲರ ಬಾಟಲಿಗೆ ಬಿಸಿನೀರು ಸಿದ್ಧ ಇರಬೇಕು. ಮೇಲಿನವರು ಕೆಳಗಿನವರು ಎಂದಿಲ್ಲ. "ಸಾಹೇಬ್ರೂ ಹಿಮ ಹೊತ್ತಾರ. ಎಲ್ಲಾರೂ ಕುಡೀತೀವಿ ಅಂದಮ್ಯಾಲ ಎಲ್ಲಾರೂ ಮಾಡಬೇಕಲ್ಲ." ಹೊಗೆ ತುಂಬಿದ ಗುಡಾರದಲ್ಲಿ ಕಣ್ಣುರಿಸಿಕೊಂಡು ಒಂದು ರಾತ್ರಿ ಕೂತವನಿಗೆ ಮರುದಿನ ಇನ್ನೊಬ್ಬ ಮಾಡಿಕೊಟ್ಟ ಲೋಟದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಒಂದು ಹನಿ ಚೆಲ್ಲುವುದಿಲ್ಲ.

ಗದಗ-ಬೆಟಗೇರಿಯಲ್ಲಿ ವಾಸ ಮಾಡುವವರಿಗೆ ನೀರು ಬಿಡುವ ದಿನ ಎಂದರೆ ಏನೆಂದು ಗೊತ್ತು. ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡವಾಗಿ ಬರುವ ನೀರು ಎಷ್ಟೋ ಸಲ ಬರುವುದು ನಡುರಾತ್ರಿಗೆ. ನಳದ ಬಾಯಲ್ಲಿ ಗಾಳಿ ಸುಯ್ಯೆಂದರೆ ಮನೆಯ ಹೆಂಗಸರು ಎದ್ದು ಕೂರುತ್ತಾರೆ. ಮೊದಲು ಬರುವ ಕೆಂಪು ನೀರು ಬಳಸುವುದಕ್ಕೆ, ತಿಳಿಯಾದ ಮೇಲೆ ಬರುವುದು ಕುಡಿಯುವುದಕ್ಕೆ. ಬ್ಯಾರೆಲ್ಲು, ಹಂಡೆ, ಕೊಡ, ಬಕೀಟು, ಕಡೆಗೆ ಚರಿಗೆ, ತಂಬಿಗೆ, ತುಂಬುವಂಥದ್ದು ಏನೇನಿದೆಯೋ ಎಲ್ಲ ತುಂಬುತ್ತದೆ. ಬೆಳಿಗ್ಗೆ ಗಂಡಸರು, ಮಕ್ಕಳು ಏಳುವ ಹೊತ್ತಿಗೆ ಕೊಡಗಳ ಸಾಲಿನ ಮೇಲೆ ಬಿಳಿ ಅರಿವೆ ಹೊದಿಸಿರುತ್ತದೆ. ಎದ್ದವರು ಲೋಟ ಅದ್ದಿ ಕುಡಿದು ಹೊರಡುತ್ತಾರೆ. ಅಜ್ಜಿ ಹೊಳೆಗೆ, ಕೆರೆಗೆ ನಡೆದು ತಂದರು. ಅವ್ವ ಬೋರಿನ ಕೈಪಂಪು ಒತ್ತಿದರು. ಹೆಂಡತಿ ನಡುರಾತ್ರಿ ನಳ ಕಾಯುತ್ತಾಳೆ. ಮೂರು ತಲೆಮಾರಿನಲ್ಲಿ ನೀರಿನ ಮೂಲ ಬದಲಾಯಿತು, ಎಚ್ಚರ ಇರುವವರು ಮಾತ್ರ ಬದಲಾಗಲಿಲ್ಲ.

ನೀರು ಉಳಿಸಿ ಎಂದು ಗೋಡೆಯ ಮೇಲೆ ಎಷ್ಟು ಬರೆದರೂ ನಮಗೆ ನಾಟದಿರುವುದಕ್ಕೆ ಕಾರಣ ಇದೇ ಇರಬೇಕು ಎನ್ನಿಸುತ್ತದೆ. ನೀರು ಮಾಡುವ ಕೈ ಬೇರೆ, ಕುಡಿಯುವ ಬಾಯಿ ಬೇರೆ. ಕಾಕಾನ ಠಾಣೆಯಲ್ಲಿ ಅವೆರಡೂ ಒಬ್ಬನವೇ ಆಗಿದ್ದವು. ಸೈನ್ಯದಿಂದ ಬಂದ ಮೇಲೆ ಅವರು ತಮ್ಮ ಮನೆಯಲ್ಲಿ ನೀರಿನ ಕೆಲಸವನ್ನು ಹೆಂಡತಿಗೆ ಬಿಟ್ಟುಕೊಟ್ಟಿಲ್ಲ, ಸೊಸೆಗೂ ಬಿಟ್ಟಿಲ್ಲ. ಈ ವಯಸ್ಸಿನಲ್ಲೂ ಸೈಕಲ್ಲಿಗೆ ಕ್ಯಾನ್ ಕಟ್ಟಿಕೊಂಡು ಫಿಲ್ಟರ್ ನೀರಿಗೆ ಹೋಗುತ್ತಾರೆ. ಊರಿನ ಓರಗೆಯವರು ಮೊದಮೊದಲು ಅಂದಾಡಿದರಂತೆ. "ಗ್ಲೇಸಿಯರ್‌ದಾಗ ಮಾಡಿದ್ದು ಮನ್ಯಾಗ ಮಾಡಾಕ ಏನ್ ನಾಚಿಕಿ?" ಎಂದು ಅವರು ಕೇಳಿದ ಮೇಲೆ ಸುಮ್ಮನಾದರು.

ಚಳಿಗಾಲದ ಚಾರಣಕ್ಕೆ ಹೊರಟ ಹುಡುಗರು ಈಗಲೂ ಏನೇನು ಒಯ್ಯಬೇಕೆಂದು ಕೇಳಲು ಬರುತ್ತಾರೆ. ಅಗಲ ಬಾಯಿಯ ಬಾಟಲಿ, ಒಳ್ಳೆಯ ಥರ್ಮಾಸು, ಒಣ ಉಣ್ಣೆಯ ಕಾಲುಚೀಲ ಎಲ್ಲ ಹೇಳುತ್ತೇನೆ. ಹೋಗುವ ಮೊದಲು ನಿಮ್ಮ ಮನೆಯ ನೀರನ್ನು ಒಂದು ತಿಂಗಳು ನೀವೇ ತುಂಬಿ ನೋಡಿರಿ ಎಂದೂ ಹೇಳುತ್ತೇನೆ. ಡೇರೆಯೊಳಗೆ ನಡುರಾತ್ರಿ ಎದ್ದು ಪಕ್ಕದವನ ಬಾಟಲಿ ಮುಟ್ಟಿ ನೋಡುವ ಅಭ್ಯಾಸ ಬೇರೆ ಎಲ್ಲಿಂದಲೂ ಬರುವುದಿಲ್ಲ.

ನಮ್ಮ ಮನೆಯಲ್ಲೂ ಹೋದ ಬೇಸಿಗೆಯಿಂದ ಪಾಳಿ ನಡೆದಿದೆ. ಒಂದು ಸಲ ಹೆಂಡತಿ, ಒಂದು ಸಲ ನಾನು, ಒಂದು ಸಲ ಮಗ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀರು ಬಂದ ದಿನದ ಮುಂದೆ ಎದ್ದವರ ಹೆಸರು ಬರೆದಿಡುತ್ತೇವೆ. ಮಗನಿಗೆ ಮರುದಿನ ಪರೀಕ್ಷೆ ಇದ್ದರೆ ಅವನು ನನ್ನ ಜೊತೆ ಪಾಳಿ ಬದಲಿಸಿಕೊಳ್ಳಬಹುದು, ಆದರೆ ಅವ್ವನ ಮೇಲೆ ಹಾಕುವಂತಿಲ್ಲ. ಈ ಸಲ ನೀರು ಗುರುವಾರ ಬರಬಹುದು ಎನ್ನುತ್ತಾರೆ. ಪಾಳಿ ಅವನದು.